ಒಂದು ಮೊಣಕಾಲು, ಎರಡು ದೇಶಗಳ ಲೆಕ್ಕ

ಬೀದರ ನನ್ನ ತವರೂರು. ಮದುವೆಯಾದ ಕೆಲವು ವರ್ಷಗಳಲ್ಲಿ ಅಮೆರಿಕೆಯ ಟೆಕ್ಸಾಸ್ ರಾಜ್ಯಕ್ಕೆ ಹೋದೆವು. ಡಲ್ಲಾಸ್ ನಗರದ ಹತ್ತಿರ ನಾನೂ ನಮ್ಮ ಯಜಮಾನರೂ ಸೇರಿ ಒಂದು ಸಣ್ಣ ಅಂಗಡಿ ನಡೆಸುತ್ತೇವೆ. ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಂತು ಮಾಡುವ ಕೆಲಸ. ವಯಸ್ಸು 60 ದಾಟುವ ಹೊತ್ತಿಗೆ ನನ್ನ ಬಲ ಮೊಣಕಾಲಿನ ಒಳಬದಿಯ ಮೃದ್ವಸ್ಥಿ ಪೂರ್ತಿ ಸವೆದು ಹೋಗಿ, ಎಕ್ಸ್-ರೇಯಲ್ಲಿ ಮೇಲಿನ ಎಲುಬು ಕೆಳಗಿನ ಎಲುಬಿನ ಮೇಲೆ ನೇರವಾಗಿ ಕೂತಿರುವುದು ಕಾಣುತ್ತಿತ್ತು. ಮಾತ್ರೆ, ವ್ಯಾಯಾಮ, ತೂಕ ಇಳಿಸುವುದು, ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಎಲ್ಲವೂ ಆದ ಮೇಲೆ ಅಲ್ಲಿನ ಎಲುಬಿನ ಡಾಕ್ಟರು ಕೀಲು ಬದಲಾಯಿಸುವುದೊಂದೇ ಉಳಿದ ದಾರಿ ಎಂದರು. ಆ ಶಸ್ತ್ರಚಿಕಿತ್ಸೆಯನ್ನು ನಾನು ಹೈದರಾಬಾದಿನಲ್ಲಿ ಮಾಡಿಸಿಕೊಂಡು, ಬೀದರಿನ ತಮ್ಮನ ಮನೆಯಲ್ಲಿ ಚೇತರಿಸಿಕೊಂಡು ಮರಳಿದೆ. ನನ್ನಂತೆ ಹೊರದೇಶದಲ್ಲಿದ್ದು ಚಿಕಿತ್ಸೆಗಾಗಿ ಊರಿನ ಕಡೆ ನೋಡುತ್ತಿರುವವರಿಗೂ, ಅಂಥವರನ್ನು ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಬೇಕಾದ ಒಡಹುಟ್ಟಿದವರಿಗೂ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ವಿಮೆ ಇದ್ದೂ ಇಷ್ಟು ದೂರ ಏಕೆ ಬಂದಿರಿ ಎಂದು ಬೀದರಿನಲ್ಲಿ ಅನೇಕರು ಕೇಳಿದರು. ಸ್ವಂತ ವ್ಯಾಪಾರ ಮಾಡುವ ನಮ್ಮಂಥವರು ಅಲ್ಲಿ ಆರೋಗ್ಯ ವಿಮೆಯನ್ನು ತಾವೇ ಕೊಳ್ಳಬೇಕು. ತಿಂಗಳ ಕಂತು ಕಡಿಮೆ ಇರುವ ಪಾಲಿಸಿಯಲ್ಲಿ ಡಿಡಕ್ಟಿಬಲ್ ಎಂಬ ಮೊತ್ತ ದೊಡ್ಡದಿರುತ್ತದೆ. ವರ್ಷದಲ್ಲಿ ಅಷ್ಟು ಹಣವನ್ನು ನಾವು ಕೈಯಿಂದ ಖರ್ಚು ಮಾಡಿದ ಮೇಲೆಯೇ ದೊಡ್ಡ ಚಿಕಿತ್ಸೆಗಳಿಗೆ ಕಂಪನಿ ಹಣ ಕೊಡಲು ಶುರು ಮಾಡುತ್ತದೆ, ಆಮೇಲೂ ಒಂದು ಪಾಲು ನಮ್ಮದೇ ಆಗಿರುತ್ತದೆ. ಒಬ್ಬ ವ್ಯಕ್ತಿ ವರ್ಷವೊಂದರಲ್ಲಿ ಹೀಗೆ ಕೈಯಿಂದ ಕೊಡಬೇಕಾದ ಹಣಕ್ಕೆ ಕಾನೂನು ಒಂದು ಮಿತಿ ಹಾಕಿದೆ. 2024ರಲ್ಲಿ ಆ ಮಿತಿ 9,450 ಡಾಲರ್ ಇತ್ತು. ಕಂತಿನ ಹಣ ಇದರ ಹೊರಗೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಮಿತಿಯನ್ನು ಮುಟ್ಟಿಯೇ ಮುಟ್ಟುತ್ತೇನೆಂಬುದು ಖಚಿತವಿತ್ತು. 65 ವರ್ಷ ತುಂಬಿದವರಿಗೆ ಸಿಗುವ ಮೆಡಿಕೇರ್ ವಿಮೆಗೆ ಇನ್ನೂ ಸಮಯವಿತ್ತು, ಆದರೆ ಅಲ್ಲಿಯವರೆಗೆ ಕಾಯುವ ಶಕ್ತಿ ಮೊಣಕಾಲಿಗೆ ಇರಲಿಲ್ಲ.

ಇಲ್ಲಿಯ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅಮೆರಿಕೆಯ ಆಸ್ಪತ್ರೆಯ ಪೂರ್ತಿ ಬಿಲ್ಲನ್ನು ಒಂದು ಕಡೆಯೂ ಹೈದರಾಬಾದಿನ ಪ್ಯಾಕೇಜನ್ನು ಇನ್ನೊಂದು ಕಡೆಯೂ ಇಟ್ಟು, ಹತ್ತರಲ್ಲಿ ಒಂದು ಪಾಲು ಖರ್ಚು ಎಂದು ಜಾಹೀರಾತುಗಳು ಹೇಳುತ್ತವೆ. ವಿಮೆ ಇದ್ದವರಿಗೆ ಆ ಹೋಲಿಕೆ ಸರಿಯಾದದ್ದಲ್ಲ. ನಮ್ಮ ಕೈಯಿಂದ ಅಲ್ಲಿ ಹೋಗುವ ಹಣ ಎಷ್ಟು, ಇಲ್ಲಿ ಹೋಗುವ ಹಣ ಎಷ್ಟು ಎಂಬುದನ್ನು ಮಾತ್ರ ಹೋಲಿಸಬೇಕು. ಇಲ್ಲಿನ ಲೆಕ್ಕಕ್ಕೆ ವಿಮಾನದ ಟಿಕೆಟ್ಟು, ಅಂಗಡಿಯಲ್ಲಿ ನನ್ನ ಬದಲಿಗೆ ಇಟ್ಟುಕೊಂಡ ಹುಡುಗನ ಸಂಬಳ, ಬೀದರಿನಲ್ಲಿ ಫಿಸಿಯೋಥೆರಪಿಗೆ ಕೊಟ್ಟ ಹಣ ಎಲ್ಲವನ್ನೂ ಸೇರಿಸಿಯೂ ನನಗೆ ಉಳಿತಾಯವಾಯಿತು, ಆದರೆ ಜಾಹೀರಾತು ಹೇಳುವಷ್ಟು ಅಲ್ಲ. ವಿಮೆಯೇ ಇಲ್ಲದವರ ಲೆಕ್ಕ ಬೇರೆ. ಅವರು 2022ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ ಆಸ್ಪತ್ರೆಯಿಂದ ಮುಂಚಿತವಾಗಿಯೇ ಲಿಖಿತ ಅಂದಾಜು ಪಟ್ಟಿ ಕೇಳಿ ಪಡೆಯಬಹುದು. ಆ ಕಾಗದ ಕೈಗೆ ಬಾರದೆ ಟಿಕೆಟ್ ತೆಗೆಸಬಾರದು.

ಹೈದರಾಬಾದ್ ನಮ್ಮ ಭಾಗದವರಿಗೆ ಹೊಸದಲ್ಲ. ಬೀದರಿನಿಂದ ಸುಮಾರು 140 ಕಿಲೋಮೀಟರ್. ಜಹೀರಾಬಾದ್, ಸಂಗಾರೆಡ್ಡಿ ಹಾದು ಹೋಗುವ ಆ ರಸ್ತೆಯಲ್ಲಿ ದೊಡ್ಡ ಕಾಯಿಲೆ ಹೊತ್ತು ಹೋಗದ ಮನೆ ನಮ್ಮ ಓಣಿಯಲ್ಲಿ ಒಂದೂ ಇರಲಿಕ್ಕಿಲ್ಲ. ನಾನು ಟೆಕ್ಸಾಸಿನಿಂದ ಮಿಂಚಂಚೆ ಬರೆದು ವಿಚಾರಿಸಿದ ಮೊದಲ ಆಸ್ಪತ್ರೆಯವರು ಹೊರದೇಶದ ರೋಗಿಗಳ ವಿಭಾಗದಿಂದ ಒಂದು ಪ್ಯಾಕೇಜ್ ದರ ಕಳಿಸಿದರು. ಅದೇ ವಾರ ತಮ್ಮ ಅದೇ ಆಸ್ಪತ್ರೆಗೆ ಹೋಗಿ, ಬೀದರಿನಿಂದ ಬರುವ ರೋಗಿಗೆ ಎಷ್ಟಾಗುತ್ತದೆಂದು ಕೇಳಿದಾಗ ಬಹಳ ಕಡಿಮೆ ದರ ಹೇಳಿದರು. ಕೊಠಡಿ ಅದೇ, ಡಾಕ್ಟರು ಅವರೇ, ಕೀಲೂ ಅದೇ ಕಂಪನಿಯದು. ವಿಮಾನ ನಿಲ್ದಾಣದಿಂದ ಕರೆತರುವುದು, ದುಭಾಷಿ, ವೀಸಾಕ್ಕೆ ಪತ್ರ ಇವೆಲ್ಲ ಹೆಚ್ಚಿನ ದರದಲ್ಲಿ ಸೇರಿವೆ ಎಂದು ಅವರು ವಿವರಿಸಿದರು. ತೆಲುಗೂ ಉರ್ದುವೂ ಬರುವ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರಕಾರ ಕೊಡುವ ಓಸಿಐ ಕಾರ್ಡ್ ಇರುವ ಕಾರಣ ವೈದ್ಯಕೀಯ ವೀಸಾದ ಅಗತ್ಯವೇ ಇಲ್ಲದ, ತಮ್ಮನ ಕಾರಿನಲ್ಲಿ ಬರುವ ನನಗೆ ಇದರಲ್ಲಿ ಯಾವುದೂ ಬೇಕಿರಲಿಲ್ಲ. ಮುಂದೆ ಬೇರೆ ಆಸ್ಪತ್ರೆಗಳಲ್ಲಿ ತಮ್ಮನೇ ಎದುರಿಗೆ ಕೂತು ಮಾತಾಡಿದ. "ಅಕ್ಕಾ, ಇಲ್ಲಿ ಮಂದಿಗಿ ಏನ್ ರೇಟ್ ಅದ, ನಿನಗೂ ಅದೇ ಬರದು ಕೊಡ್ರಿ ಅಂತ ಕೇಳೀನಿ, ಸಹಿ ಮಾಡಿ ಕೊಟ್ಟಾರ" ಎಂದು ಒಂದು ಸಂಜೆ ಫೋನ್ ಮಾಡಿದ. ಆ ಸಹಿ ಮಾಡಿದ ಹಾಳೆಯ ಮೇಲೆ ಪ್ಯಾಕೇಜಿನಲ್ಲಿ ಸೇರಿದ್ದು ಯಾವುದು, ಸೇರದ್ದು ಯಾವುದು ಎಂಬುದೂ ಇತ್ತು: ನಿಗದಿಗಿಂತ ಹೆಚ್ಚು ದಿನ ಉಳಿದರೆ ಕೊಠಡಿ ಬಾಡಿಗೆ, ಐಸಿಯುಗೆ ಹೋಗಬೇಕಾಗಿ ಬಂದರೆ ಅದರ ಖರ್ಚು, ರಕ್ತ ಕೊಡಬೇಕಾದರೆ ಅದು, ಇವು ಮೂರೂ ಹೊರಗೆ.

ಕೀಲಿನ ಬೆಲೆಯ ವಿಷಯದಲ್ಲಿ ಮಾತ್ರ ಚೌಕಾಶಿಯ ಅಗತ್ಯ ಬರಲಿಲ್ಲ. 2017ರ ಆಗಸ್ಟ್‌ನಲ್ಲಿ ಭಾರತದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮೊಣಕಾಲಿನ ಭಾಗಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು; ಸಾಮಾನ್ಯವಾಗಿ ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಲೋಹದ ಪೂರ್ತಿ ಜೋಡಣೆಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಒಂದೂವರೆ ಲಕ್ಷ ರೂಪಾಯಿಗೂ ಮೇಲೆ ಮಾರಾಟವಾಗುತ್ತಿದ್ದ ವಸ್ತು ಅದು. ಕೀಲಿನ ಕಂಪನಿಯ ಹೆಸರು, ಬ್ಯಾಚ್ ಸಂಖ್ಯೆ, ಬೆಲೆ ಇವನ್ನು ಆಸ್ಪತ್ರೆಯವರು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕೆಂದೂ ಆ ಆದೇಶದಲ್ಲಿದೆ. ಹೊರದೇಶದಿಂದ ಬಂದವರು ಈ ಬೆಲೆಯ ಲಾಭ ಪಡೆಯುವಾಗ, ಇದು ಯಾವುದೋ ಆಸ್ಪತ್ರೆಯ ಔದಾರ್ಯವಲ್ಲ, ಈ ದೇಶದ ಸಾಮಾನ್ಯ ರೋಗಿಗಾಗಿ ಸರಕಾರ ಮಾಡಿದ ಕೆಲಸ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಹೈದರಾಬಾದಿನ ಡಾಕ್ಟರನ್ನು ನಾನು ಒಪ್ಪಿಕೊಂಡದ್ದು ಅವರು ತಾರೀಖು ಕೊಡಲು ನಿರಾಕರಿಸಿದ್ದರಿಂದ. ವಿಡಿಯೋ ಕರೆಯಲ್ಲಿ ಎಕ್ಸ್-ರೇ, ರಕ್ತದ ವರದಿ ಎಲ್ಲ ನೋಡಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ನನಗೆ 8ರ ಮೇಲಿದೆ, ಅದು ಇಳಿಯದ ಹೊರತು ಕತ್ತಿ ಮುಟ್ಟುವುದಿಲ್ಲ ಎಂದರು. ಕೃತಕ ಕೀಲಿಗೆ ಸೋಂಕು ತಗುಲಿದರೆ ಅದನ್ನು ತೆಗೆದು, ತಿಂಗಳುಗಟ್ಟಲೆ ಔಷಧ ಕೊಟ್ಟು, ಮತ್ತೆ ಹೊಸದು ಕೂಡಿಸಬೇಕಾಗಬಹುದು. ಸಕ್ಕರೆ ಹೆಚ್ಚಿದ್ದಷ್ಟೂ ಸೋಂಕಿನ ಭಯ ಹೆಚ್ಚು. ಹಲ್ಲುಗಳಲ್ಲಿ ಕೀವು ಇಲ್ಲವೆಂದು ದಂತವೈದ್ಯರಿಂದ ಬರೆಸಿಕೊಂಡು ಬನ್ನಿ, ಮೂತ್ರದಲ್ಲಿ ಸೋಂಕು ಇದೆಯೇ ನೋಡಿಸಿ ಎಂದೂ ಹೇಳಿದರು. ನಾನು ಎರಡೂ ಮೊಣಕಾಲುಗಳನ್ನು ಒಮ್ಮೆಲೇ ಮಾಡಿಸಿಕೊಂಡರೆ ಇನ್ನೊಂದು ಪ್ರಯಾಣ ತಪ್ಪುತ್ತದಲ್ಲ ಎಂದು ಕೇಳಿದೆ. ಟಿಕೆಟ್ಟಿನ ಹಣ ಉಳಿಸಲು ಹೃದಯದ ಮೇಲೆ ಭಾರ ಹಾಕುವುದು ಬೇಡ, ಎಡಗಾಲು ಇನ್ನೂ ಕೆಲವು ವರ್ಷ ತಡೆಯುತ್ತದೆ ಎಂದು ಉತ್ತರಿಸಿದರು. ದೂರದಿಂದ ಬಂದ ರೋಗಿಯ ಅವಸರವನ್ನು ತಮ್ಮ ಅವಸರವಾಗಿ ಮಾಡಿಕೊಳ್ಳದ ವೈದ್ಯರ ಮೇಲೆ ನನಗೆ ಅಂದೇ ವಿಶ್ವಾಸ ಮೂಡಿತು. ಸಕ್ಕರೆ ಹಿಡಿತಕ್ಕೆ ಬರಲು ಬೇಸಿಗೆ ಮತ್ತು ಮಳೆಗಾಲ ಎರಡೂ ಕಳೆದವು. ನವೆಂಬರಿಗೆ ತಾರೀಖು ಸಿಕ್ಕಿತು.

ಆ ತಿಂಗಳುಗಳಲ್ಲಿ ಬೀದರಿನ ಮನೆ ಸಿದ್ಧವಾಯಿತು. ಚೌಬಾರಾದ ಹತ್ತಿರ ಹಳೆಯ ಊರಿನಲ್ಲಿರುವ ನಮ್ಮ ಮನೆಗೆ ಬಾಗಿಲಲ್ಲೇ ಎತ್ತರದ ಕಲ್ಲಿನ ಮೆಟ್ಟಿಲುಗಳಿವೆ, ಒಳಗೆ ಕುಕ್ಕರಗಾಲಿನಲ್ಲಿ ಕೂಡುವ ಶೌಚಾಲಯವಿತ್ತು. ಕೀಲು ಬದಲಾಯಿಸಿದ ಕಾಲನ್ನು ಹಾಗೆ ಮಡಚಿ ಕೂಡುವಂತಿಲ್ಲ. ತಮ್ಮ ಕಮೋಡ್ ಕೂಡಿಸಿ, ಅದರ ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿ, ಮೆಟ್ಟಿಲಿಗೆ ಕಬ್ಬಿಣದ ಕಟಾಂಜನ ಮಾಡಿಸಿದ. ಅವನ ಹೆಂಡತಿ ಪಡಸಾಲೆಯ ಜಮಖಾನೆಗಳನ್ನೆಲ್ಲ ಎತ್ತಿಟ್ಟಳು, ವಾಕರ್ ಅದರ ಅಂಚಿಗೆ ಸಿಕ್ಕಿಕೊಂಡೀತೆಂದು. ದಿನಾ ಮನೆಗೆ ಬರುವ ಫಿಸಿಯೋಥೆರಪಿಯವರನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗೊತ್ತುಮಾಡಿ, ಅವರ ಮೊಬೈಲ್ ಸಂಖ್ಯೆಯನ್ನು ಹೈದರಾಬಾದಿನ ಡಾಕ್ಟರಿಗೆ ಕೊಟ್ಟೆವು. ರಾತ್ರಿ ಹೊತ್ತು ಏನಾದರೂ ಆದರೆ ಹೈದರಾಬಾದಿನವರೆಗೆ ಓಡದೆ ಬೀದರಿನಲ್ಲೇ ನೋಡುವ ಎಲುಬಿನ ಡಾಕ್ಟರೊಬ್ಬರನ್ನೂ ಕಂಡು ಮಾತಾಡಿಟ್ಟೆವು.

ಇದಕ್ಕಿಂತ ಕಷ್ಟವಾದದ್ದು ಟೆಕ್ಸಾಸಿನಲ್ಲಿ. ಬೇರೆ ದೇಶದಲ್ಲಿ ಬೇರೆ ವೈದ್ಯರು ಕೂಡಿಸಿದ ಕೀಲನ್ನು ಆಮೇಲೆ ನೋಡಿಕೊಳ್ಳಲು ಎಲ್ಲ ವೈದ್ಯರೂ ಒಪ್ಪುವುದಿಲ್ಲ. ಅವರ ಹಿಂಜರಿಕೆಗೆ ಕಾರಣವಿದೆ: ಯಾವ ಕಂಪನಿಯ, ಯಾವ ಅಳತೆಯ ಕೀಲು ಒಳಗಿದೆ ಎಂಬುದು ಗೊತ್ತಿಲ್ಲದೆ ತೊಂದರೆ ಬಂದಾಗ ಏನು ಮಾಡಲಿಕ್ಕಾಗುತ್ತದೆ? ನನಗೆ ಇಂಜೆಕ್ಷನ್ ಕೊಡುತ್ತಿದ್ದ ಡಾಕ್ಟರು ಕೊನೆಗೆ ಒಪ್ಪಿದರು, ಆದರೆ ಕಾಗದಗಳ ಒಂದು ಪಟ್ಟಿ ಕೊಟ್ಟು ಅವೆಲ್ಲ ಇದ್ದರೆ ಮಾತ್ರ ಎಂದರು. ಹೊರಡುವ ಮೊದಲೇ ಈ ಒಪ್ಪಿಗೆ ಪಡೆಯದೆ ಯಾರೂ ವಿಮಾನ ಹತ್ತಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವುದು ಕಡಿಮೆ. ಉದ್ದ ವಿಮಾನ ಪ್ರಯಾಣದಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿರುವುದರಿಂದ, ಬಂದ ಕೂಡಲೇ ಮಾಡದೆ ಕೆಲವು ದಿನ ಬೀದರಿನಲ್ಲಿ ಓಡಾಡಿಕೊಂಡಿರಲು ಹೇಳಿದರು. ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡಿದರು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿಸಿದರು.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಔರಾದ್ ತಾಲ್ಲೂಕಿನ ಹಳ್ಳಿಯ ಹೆಣ್ಣುಮಗಳೊಬ್ಬಳಿದ್ದಳು. ಅವಳದೂ ಬಲಗಾಲೇ, ಡಾಕ್ಟರೂ ಅವರೇ. ಎರಡು ಎಮ್ಮೆ ಮಾರಿ, ಉಳಿದದ್ದನ್ನು ಸಾಲ ತಂದು, ಆ ವರ್ಷದ ತೊಗರಿ ಬಂದ ಮೇಲೆ ತೀರಿಸುತ್ತೇವೆಂದು ಮಗ ಆಸ್ಪತ್ರೆಗೆ ಸೇರಿಸಿದ್ದ. ನನಗೆ ಅಗ್ಗವೆಂದು ಕಂಡ ಮೊತ್ತ ಅವರ ಮನೆಯನ್ನು ಎರಡು ವರ್ಷ ಹಿಂದಕ್ಕೆ ತಳ್ಳುವ ಮೊತ್ತವಾಗಿತ್ತು. ಹೊರದೇಶದವರು ಅಗ್ಗದ ಚಿಕಿತ್ಸೆ ಎಂದಾಗಲೆಲ್ಲ ನನಗೆ ಆ ಹೆಣ್ಣುಮಗಳ ಮುಖ ಎದುರಿಗೆ ಬರುತ್ತದೆ. ಡಾಲರಿನಲ್ಲಿ ಗಳಿಸುವ ನಮ್ಮಂಥವರು ಹೆಚ್ಚಾದಂತೆ ಇಲ್ಲಿನ ಆಸ್ಪತ್ರೆಗಳ ದರವೂ ಹಾಸಿಗೆಗಳೂ ನಮ್ಮ ಕಡೆಗೇ ವಾಲಬಾರದು; ಬೀದರ, ಕಲಬುರಗಿ, ಯಾದಗಿರಿಯಂಥ ಊರುಗಳಲ್ಲೇ, ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೇ ಈ ಶಸ್ತ್ರಚಿಕಿತ್ಸೆ ಎಲ್ಲರ ಕೈಗೆಟುಕುವಂತೆ ಆಗಬೇಕು.

ಬೀದರಿಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಕೀಲು ಕೂಡಿಸುವುದು ಡಾಕ್ಟರ ಒಂದು ಮುಂಜಾನೆಯ ಕೆಲಸ. ಆ ಕೀಲು ಕಾಲಾಗಿ ನಡೆಯುವಂತೆ ಮಾಡುವುದು ನಂತರದ ವಾರಗಳ ಕೆಲಸ, ಮತ್ತು ಅದನ್ನು ರೋಗಿಯೇ ಮಾಡಬೇಕು. ಫಿಸಿಯೋಥೆರಪಿಯ ಹುಡುಗ ದಿನಾ ಮುಂಜಾನೆ ಸ್ಕೂಟರಿನಲ್ಲಿ ಬರುತ್ತಿದ್ದ. ಮಂಚದ ಅಂಚಿಗೆ ಕೂಡಿಸಿ, ಹಿಮ್ಮಡಿಯ ಕೆಳಗೆ ಟವೆಲ್ ಹಾಕಿ, ಅದನ್ನು ನಾನೇ ಎರಡೂ ಕೈಯಿಂದ ನನ್ನ ಕಡೆಗೆ ಎಳೆದುಕೊಳ್ಳುವಂತೆ ಮಾಡಿಸಿ, ಕಾಲು ಎಷ್ಟು ಮಡಚಿತು ಎಂದು ಪ್ಲಾಸ್ಟಿಕ್ಕಿನ ಕೋನಮಾಪಕವನ್ನು ಮೊಣಕಾಲಿನ ಪಕ್ಕಕ್ಕೆ ಹಿಡಿದು ಅಳೆದು, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತಿದ್ದ. ಮೊದಲಿಗೆ 70 ಡಿಗ್ರಿಯೂ ದಾಟುತ್ತಿರಲಿಲ್ಲ. 90ಕ್ಕೆ ಬಂದರೆ ಕುರ್ಚಿಯಿಂದ ಸರಾಗವಾಗಿ ಏಳಬಹುದು, 110 ದಾಟಿದರೆ ಮೆಟ್ಟಿಲು, ಕಾರು ಎಲ್ಲ ಸುಲಭ ಎಂದು ಹೇಳುತ್ತಿದ್ದ. ಎಲ್ಲರೂ ಮಡಚುವುದನ್ನೇ ಯೋಚಿಸುತ್ತಾರೆ, ಆದರೆ ಕಾಲು ಪೂರ್ತಿ ನೇರವಾಗುವುದೂ ಅಷ್ಟೇ ಮುಖ್ಯ. ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದರೆ ಹಿತವೆನಿಸುತ್ತದೆ, ಆದರೆ ಕಾಲು ಹಾಗೇ ಬಾಗಿ ಬಿಗಿದುಕೊಳ್ಳುತ್ತದೆ. ಅದಕ್ಕಾಗಿ ಅವನು ದಿಂಬನ್ನು ಹಿಮ್ಮಡಿಯ ಕೆಳಗೆ ಸರಿಸಿ, ಮೊಣಕಾಲನ್ನು ಹಾಸಿಗೆಗೆ ಒತ್ತಲು ಹೇಳುತ್ತಿದ್ದ. ನೋವಿನಿಂದ ನಾನು ಅತ್ತ ದಿನಗಳಿವೆ. "ಅಕ್ಕಾರ, ಇವತ್ತ ಹೆದರಿ ಬಿಟ್ರಿ ಅಂದ್ರ ನಾಳಿ ಇನ್ನಾ ಬಿಗೀತದ್ರಿ" ಎನ್ನುತ್ತಿದ್ದನೇ ಹೊರತು ಒಂದು ದಿನವೂ ಬಿಡಲಿಲ್ಲ. ಬಾಗಿಲಿನ ಕಲ್ಲುಮೆಟ್ಟಿಲ ಮೇಲೆ ಅವನು ಕಲಿಸಿದ ಪಾಠ ಈಗಲೂ ನನ್ನ ನಾಲಿಗೆಯ ಮೇಲಿದೆ: "ಹತ್ತೂಮುಂದ ಚಲೋ ಕಾಲು ಮೊದಲ, ಇಳಿಯೂಮುಂದ ಆಪರೇಷನ್ ಕಾಲು ಮೊದಲ."

ಟೆಕ್ಸಾಸಿನಲ್ಲಿ ಇದ್ದಿದ್ದರೆ ವಿಮೆ ಒಪ್ಪಿದಷ್ಟು ಸಲ ಮಾತ್ರ ಫಿಸಿಯೋಥೆರಪಿ, ಅದಕ್ಕೂ ಪ್ರತಿ ಸಲ ನನ್ನನ್ನು ಯಜಮಾನರು ಅಂಗಡಿ ಮುಚ್ಚಿ ಕಾರಿನಲ್ಲಿ ಕರೆದೊಯ್ಯಬೇಕಿತ್ತು. ಇಲ್ಲಿ ತಮ್ಮನ ಹೆಂಡತಿ ಹೊತ್ತು ಹೊತ್ತಿಗೆ ಐಸ್ ಇಡುತ್ತಿದ್ದಳು, ಬಿಸಿ ಜೋಳದ ರೊಟ್ಟಿ ಪುಂಡಿಪಲ್ಯ ತಂದು ಕೊಡುತ್ತಿದ್ದಳು, ಸಂಜೆಯ ವ್ಯಾಯಾಮ ಆಯಿತೇ ಎಂದು ಕೇಳದೆ ಮಲಗುತ್ತಿರಲಿಲ್ಲ. ಯಾವ ಪ್ಯಾಕೇಜಿನಲ್ಲೂ ಬರೆಯದ ಈ ಆರೈಕೆಗೆ ಬೆಲೆ ಕಟ್ಟಿ ಲೆಕ್ಕದಲ್ಲಿ ಸೇರಿಸಿದರೆ, ತವರಿಲ್ಲದ ಊರಿಗೆ ಕೇವಲ ದರ ನೋಡಿ ಹೋಗುವವರು ಏನನ್ನು ಕಳೆದುಕೊಳ್ಳುತ್ತಾರೆಂಬುದು ತಿಳಿಯುತ್ತದೆ. ನಾನಿದ್ದ ಆಸ್ಪತ್ರೆಯಲ್ಲಿಯೇ ಆಫ್ರಿಕಾದ ದೇಶವೊಂದರಿಂದ ವೈದ್ಯಕೀಯ ವೀಸಾದ ಮೇಲೆ ಬಂದ ಹಿರಿಯರೊಬ್ಬರು ಮಗನೊಡನೆ ಹೊರಗಿನ ಬಾಡಿಗೆ ಕೋಣೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಅಡುಗೆ, ಔಷಧ, ಆಟೋ ಎಲ್ಲವನ್ನೂ ಆ ಮಗನೊಬ್ಬನೇ ಭಾಷೆ ಬಾರದ ಊರಿನಲ್ಲಿ ನಿಭಾಯಿಸುತ್ತಿದ್ದ.

ಬಂಧುಬಳಗದ ಪ್ರೀತಿಗೂ ಸ್ವಲ್ಪ ಕಟ್ಟು ಹಾಕಬೇಕಾಯಿತು. ಕಾಕು ಒಬ್ಬರು ಬಿಸಿ ಎಣ್ಣೆ ತಿಕ್ಕಿದರೆ ಬೇಗ ಸಡಿಲಾಗುತ್ತದೆಂದು ಬಟ್ಟಲು ಹಿಡಿದೇ ಬಂದಿದ್ದರು. ಗಾಯ ಮಾಯುವವರೆಗೆ ಎಣ್ಣೆ ಸೋಕಬಾರದು, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕುವುದು ಅಪಾಯ ಎಂದು ಕೈಮುಗಿದು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಗಾಯಕ್ಕೆ ಹಾಕಿದ ಪಿನ್ನು ಬಿಚ್ಚುವವರೆಗೆ ಕೆಮ್ಮು ನೆಗಡಿ ಇದ್ದವರು ಬರಬಾರದೆಂದು ತಮ್ಮ ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ನಾನು ಹೊಲಕ್ಕೆ ಹೋಗಿಯೇ ತೀರಿದೆ. ಭಜ್ಜಿ, ಸಜ್ಜಿ ರೊಟ್ಟಿಯ ಬುಟ್ಟಿಗಳ ಜೊತೆಗೆ ನನಗೊಂದು ಕುರ್ಚಿಯನ್ನೂ ಹೊತ್ತು ತಂದರು. ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಲು ಹೋದವರ ಹಿಂದೆ ಉತ್ತ ನೆಲದಲ್ಲಿ ನಡೆಯಲು ಡಾಕ್ಟರು ಒಪ್ಪಿರಲಿಲ್ಲವಾದ್ದರಿಂದ ಬದುವಿನವರೆಗೆ ಕೋಲೂರಿ ಹೋಗಿ ನಿಂತೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತಾಗ ನಾನೊಬ್ಬಳೇ ಎತ್ತರದಲ್ಲಿ ಕೂತೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವುದನ್ನು ಈ ಕೀಲು ಕೂಡಿಸಿಕೊಂಡವರು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ನಿರ್ಧಾರಕ್ಕೆ ಮುಂಚೆ ಇದನ್ನು ಕೇಳಿ ತಿಳಿದುಕೊಂಡಿರಬೇಕು.

ಹೊರಡುವ ದಿನ ಹತ್ತಿರ ಬಂದಂತೆ ಕಾಗದಗಳ ಕಡೆಗೆ ಗಮನ ಹೋಯಿತು. ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯಲ್ಲಿ ಮಾಡಿದ್ದನ್ನೆಲ್ಲ ಬರೆದ ವರದಿ, ಮೊದಲಿನ ಮತ್ತು ನಂತರದ ಎಕ್ಸ್-ರೇಗಳು ಫಿಲ್ಮಿನಲ್ಲೂ ಸಿಡಿಯಲ್ಲೂ, ಕೊಟ್ಟ ಔಷಧಗಳ ಪಟ್ಟಿ ಇವೆಲ್ಲದರ ಜೊತೆಗೆ ನಾನು ಹೆಚ್ಚು ಜೋಪಾನ ಮಾಡಿದ್ದು ಒಂದು ಸಣ್ಣ ಹಾಳೆಯನ್ನು. ಕೀಲಿನ ಪ್ರತಿಯೊಂದು ಭಾಗದ ಪೆಟ್ಟಿಗೆಯ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಅಂಟುಚೀಟಿ ಬರುತ್ತದೆ. ತೊಡೆಯ ಎಲುಬಿನ ತುದಿಗೆ ಹಾಕಿದ ಲೋಹದ ಭಾಗ, ಕೆಳಗಿನ ಎಲುಬಿನ ಮೇಲಿನ ತಟ್ಟೆ, ಅವೆರಡರ ನಡುವಿನ ಪಾಲಿಎಥಿಲಿನ್ ಗಾದಿ, ಎಲುಬಿಗೆ ಅಂಟಿಸುವ ಸಿಮೆಂಟು, ಎಲ್ಲದರ ಚೀಟಿಗಳನ್ನೂ ಆ ಹಾಳೆಗೆ ಅಂಟಿಸಿ ಕೊಟ್ಟಿದ್ದರು. ಟೆಕ್ಸಾಸಿನ ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಬಿಲ್ಲನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡೆ. ಅಮೆರಿಕೆಯ ತೆರಿಗೆಯಲ್ಲಿ ಆರೋಗ್ಯಕ್ಕಾಗಿ ಕೂಡಿಟ್ಟ ಉಳಿತಾಯ ಖಾತೆಯ ಹಣವನ್ನು ಹೊರದೇಶದ ಇಂಥ ಚಿಕಿತ್ಸೆಗೂ ಬಳಸಬಹುದು, ಆದರೆ ದಾಖಲೆ ಇರಬೇಕು.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಅದರ ಮೇಲೆ ದೀರ್ಘ ವಿಮಾನ ಪ್ರಯಾಣ ಸೇರಬಾರದೆಂದು ಡಾಕ್ಟರು ಸಂಕ್ರಾಂತಿ ಕಳೆಯುವವರೆಗೆ ಟಿಕೆಟ್ಟಿಗೆ ಒಪ್ಪಲೇ ಇಲ್ಲ. ಎರಡು ವಾರಕ್ಕೆ ಆಪರೇಷನ್, ಸುತ್ತಾಟ, ವಾಪಸ್ಸು ಎಂಬ ಪ್ಯಾಕೇಜುಗಳನ್ನು ನೋಡಿದಾಗ ನನಗೆ ಆತಂಕವಾಗುವುದು ಇದೇ ಕಾರಣಕ್ಕೆ. ವಿಮಾನದಲ್ಲಿ ಓಣಿಯ ಕಡೆಯ ಸೀಟು ಕೇಳಿ ಪಡೆದು, ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಾಲುಚೀಲ ಧರಿಸಿ, ಆಗಾಗ ಎದ್ದು ನಡೆದು, ಕೂತಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತ ಹೋದೆ. ಭದ್ರತಾ ತಪಾಸಣೆಯ ಬಾಗಿಲು ಕೂಗಿದಾಗ ಡಾಕ್ಟರ ಪತ್ರ ತೋರಿಸಿದೆ, ಕೈಯಿಂದ ತಪಾಸಣೆ ಮಾಡಿ ಬಿಟ್ಟರು.

ಈಗ ಬಲಗಾಲು 115 ಡಿಗ್ರಿ ಮಡಚುತ್ತದೆ, ಅಂಗಡಿಯಲ್ಲಿ ಅರ್ಧ ದಿನ ನಿಲ್ಲುತ್ತೇನೆ. ಎಡಗಾಲಿನ ಸರದಿ ಬರುವ ಹೊತ್ತಿಗೆ ನನಗೆ 65 ತುಂಬಿ ಮೆಡಿಕೇರ್ ಬಂದಿರುತ್ತದೆ. ಭಾರತದಲ್ಲಿ ಮಾಡಿಸುವ ಇಂಥ ಶಸ್ತ್ರಚಿಕಿತ್ಸೆಗೆ ಅದು ಹಣ ಕೊಡುವುದಿಲ್ಲ, ಅಮೆರಿಕೆಯಲ್ಲೇ ಮಾಡಿಸಿದರೆ ಹೆಚ್ಚಿನ ಪಾಲನ್ನು ಕೊಡುತ್ತದೆ. ಹಣದ ಲೆಕ್ಕವೊಂದನ್ನೇ ಹಿಡಿದರೆ ಮುಂದಿನ ಸಲ ಬೀದರಿಗೆ ಬರುವ ಕಾರಣವಿಲ್ಲ. ಆದರೆ ಕಾಲು ಮಡಚಿಸುವವರು ದಿನಾ ಮನೆಗೆ ಬರುತ್ತಾರೆಯೇ, ಎಷ್ಟು ವಾರ ಬರುತ್ತಾರೆ, ಮೊದಲ ರಾತ್ರಿಗಳಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಗಳನ್ನು ಟೆಕ್ಸಾಸಿನ ಡಾಕ್ಟರ ಕಚೇರಿಗೆ ಬರೆದು ಕಳಿಸಿದ್ದೇನೆ. ಅವರ ಉತ್ತರ ಬಂದ ಮೇಲೆ, ತಮ್ಮನ ಹತ್ತಿರವೂ ಮಾತಾಡಿ, ಎಡಗಾಲು ಯಾವ ಊರಿನಲ್ಲಿ ಎಂದು ತೀರ್ಮಾನಿಸುತ್ತೇವೆ.